ಶರ್ಯತ್ತಿನ ಎತ್ತಿಗೆ ಹಲ್ಲು ಎಣಿಸುವುದೇಕೆ?

ಪ್ರಶ್ನೆ: ಗಾಡಿ ಶರ್ಯತ್ತಿನಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು ಎಂದು ವರ್ಗ ಮಾಡುವುದೇಕೆ? ಕಾನೂನು ಏನನ್ನುತ್ತದೆ?
— ಓದುಗರು, ಅಲಖನೂರ

ಉತ್ತರ: ಎತ್ತಿನ ವಯಸ್ಸು ಹಲ್ಲಿನಿಂದ ತಿಳಿಯುತ್ತದೆ. ಹಾಲುಹಲ್ಲು ಉದುರಿ ಎರಡು ಹಲ್ಲು ಬರುವಾಗ ಸುಮಾರು ಎರಡೂವರೆ ವರ್ಷ. ಎಂಟೂ ಮೂಡಿ ಬಾಯಿಗೂಡುವಷ್ಟರಲ್ಲಿ ನಾಲ್ಕು ವರ್ಷ ದಾಟಿರುತ್ತದೆ. ಎಳೆಯ ಹೋರಿಯನ್ನು ಬಲಿತ ಎತ್ತಿನೆದುರು ಓಡಿಸುವುದು ಅನ್ಯಾಯ. ಅದಕ್ಕೇ ವರ್ಗ.

ಸುಪ್ರೀಂ ಕೋರ್ಟ್ 2014ರ ಮೇ 7ರಂದು ಈ ಓಟಗಳನ್ನು ನಿಷೇಧಿಸಿತ್ತು. 2017ರಲ್ಲಿ ಕರ್ನಾಟಕವು ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು ತಿದ್ದಿ ಕಂಬಳದ ಜೊತೆ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅನುಮತಿ ಓಟಕ್ಕೆ, ಹಿಂಸೆಗಲ್ಲ. ಊರಿನವರು ಯಾವ ಹೊಸ ವರ್ಗ ಸೇರಿಸಿದರೂ ಪಶುವೈದ್ಯರ ತಪಾಸಣೆ ಮೊದಲಿರಲಿ, ಬಾರುಕೋಲು ಹೊರಗಿರಲಿ.