ಡೇಟಾಬೇಸ್‌ಗಳ ತಾರೀಖು ನೂರು ರೂಪ ತಾಳಿದ ಬಗೆ

03-04-2024 ಎಂದು ಬರೆದರೆ ಬೆಂಗಳೂರಿನವರಿಗೆ ಅದು ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಇಬ್ಬರೂ ಒಂದೇ ಡೇಟಾಬೇಸ್‌ ಬಳಸುವಾಗ ಅಪಾಯ ದೊಡ್ಡದು. ಎರಡೂ ಸರಿಯಾದ ತಾರೀಖುಗಳೇ ಆದ್ದರಿಂದ ಕಂಪ್ಯೂಟರ್ ಎಚ್ಚರಿಸುವುದಿಲ್ಲ. ತಪ್ಪು ಸದ್ದಿಲ್ಲದೆ ಒಳಸೇರುತ್ತದೆ.

ನಾವು ಓದುವ ರೂಪದಲ್ಲಿ ಡೇಟಾಬೇಸ್ ಸಾಮಾನ್ಯವಾಗಿ ತಾರೀಖನ್ನು ಇಟ್ಟುಕೊಳ್ಳುವುದಿಲ್ಲ. ಒರಾಕಲ್ ಶತಮಾನದಿಂದ ಸೆಕೆಂಡಿನವರೆಗೆ ಏಳು ಬೈಟ್‌ಗಳಲ್ಲಿ ಬಿಡಿಸಿಡುತ್ತದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ 'ಡೇಟ್‌ಟೈಮ್' 1900ರ ಜನವರಿ 1ರಿಂದ ದಿನಗಳನ್ನು ಎಣಿಸುತ್ತದೆ. ಆದರೆ 1753ಕ್ಕಿಂತ ಹಿಂದಿನ ತಾರೀಖು ಕೊಟ್ಟರೆ ಒಪ್ಪುವುದಿಲ್ಲ. ಕಾರಣ ಇಂಗ್ಲೆಂಡಿನ ಪಂಚಾಂಗದಲ್ಲಿದೆ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಗ್ರೆಗೋರಿಯನ್‌ಗೆ ಬಂದವು. ಸೆಪ್ಟೆಂಬರ್ 2, ಬುಧವಾರ ಮಲಗಿದವರು ಎದ್ದಾಗ ಸೆಪ್ಟೆಂಬರ್ 14, ಗುರುವಾರ! ನಡುವಿನ ಹನ್ನೊಂದು ದಿನಗಳ ತಕರಾರೇ ಬೇಡವೆಂದು ಎಸ್‌ಕ್ಯೂಎಲ್ ಸರ್ವರ್‌ಗೆ ಮೂಲವಾದ ಸೈಬೇಸ್‌ನ ಎಂಜಿನಿಯರ್‌ಗಳು ಮರುವರ್ಷದಿಂದಾಚೆಯ ತಾರೀಖುಗಳನ್ನು ಮಾತ್ರ ಒಪ್ಪಿಕೊಂಡರು. ಅದೇ ಎಸ್‌ಕ್ಯೂಎಲ್ ಸರ್ವರ್‌ಗೂ ಬಳುವಳಿಯಾಗಿ ಬಂತು.

ರೂಪಗಳ ಗೊಂದಲಕ್ಕೆ ಕಾರಣ ಬೇರೆ. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಐಬಿಎಂನಲ್ಲಿ ರೂಪಿಸಿದ, ಡೇಟಾಬೇಸ್‌ಗಳ ಪ್ರಶ್ನಾಭಾಷೆ ಎಸ್‌ಕ್ಯೂಎಲ್ ಹೊರಬಂದದ್ದು 1974ರಲ್ಲಿ. ಅದರ ಮೊದಲ ಮಾನದಂಡ 1986ರಲ್ಲಿ ಬಂದಾಗ ಅದರಲ್ಲಿ ತಾರೀಖಿಗೆ ಜಾಗವೇ ಇರಲಿಲ್ಲ. ಜಾಗ ಸಿಕ್ಕಿದ್ದು 1992ರಲ್ಲಿ. ವ್ಯಾಪಾರ ಅಷ್ಟು ದಿನ ಕಾಯುತ್ತದೆಯೇ? ಕಂಪನಿಗಳು ತಮಗೆ ತೋಚಿದ ದಾರಿ ಹಿಡಿದವು. ತಾರೀಖನ್ನು ಓದುವ ರೂಪಕ್ಕೆ ತರಲು ಒರಾಕಲ್‌ನಲ್ಲಿ 'ಟು_ಚಾರ್', ಮೈಎಸ್‌ಕ್ಯೂಎಲ್‌ನಲ್ಲಿ 'ಡೇಟ್_ಫಾರ್ಮ್ಯಾಟ್', ಮೈಕ್ರೋಸಾಫ್ಟ್‌ನಲ್ಲಿ 'ಕನ್ವರ್ಟ್' ಜೊತೆಗೊಂದು ಸಂಖ್ಯೆ: 101 ಎಂದರೆ ಅಮೆರಿಕದ ಶೈಲಿ, 103 ಎಂದರೆ ಬ್ರಿಟಿಷ್ ಶೈಲಿ.

ರೂಪ ಸೂಚಿಸುವಾಗಲೂ ಎಡವಬಹುದು: ಒರಾಕಲ್‌ನಲ್ಲಿ 'ಎಂಎಂ' ಎಂದರೆ ತಿಂಗಳು, 'ಎಂಐ' ನಿಮಿಷ. ನಿಮಿಷದ ಜಾಗದಲ್ಲಿ 'ಎಂಎಂ' ಬರೆದರೆ ಏಪ್ರಿಲ್‌ನಲ್ಲಿ 10:45ಕ್ಕೆ ಹಾಕಿದ ಬಿಲ್ 10:04 ಎಂದು ತೋರುತ್ತದೆ. ಆ ತಿಂಗಳ ಪ್ರತಿ ಬಿಲ್ಲಿಗೂ ಅದೇ ನಾಲ್ಕನೇ ನಿಮಿಷ. ನೋಡಿದವರಿಗೆ ಅನುಮಾನವೂ ಬಾರದು.

ದಿನ-ತಿಂಗಳ ಗೊಂದಲಕ್ಕೆ ಪರಿಹಾರ ಹಳೆಯದೇ. 1988ರ ಐಎಸ್‌ಒ 8601 ಮಾನದಂಡ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಎಂದಿತು. ಹೀಗೆ ಬರೆದರೆ ಅಕ್ಷರಗಳಂತೆ ಜೋಡಿಸಿದರೂ ತಾರೀಖುಗಳು ಕಾಲಾನುಕ್ರಮದಲ್ಲೇ ನಿಲ್ಲುತ್ತವೆ. ಆದರೂ ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ 'ಡೇಟ್‌ಟೈಮ್' ಬ್ರಿಟಿಷ್ ಭಾಷೆಯ ಸೆಟ್ಟಿಂಗ್‌ನಲ್ಲಿದ್ದರೆ 2024-04-03 ಅನ್ನೂ ಮಾರ್ಚ್ 4 ಎಂದೇ ಓದುತ್ತದೆ. ಅಲ್ಲಿ ಗೆರೆಗಳಿಲ್ಲದ 20240403 ಸುರಕ್ಷಿತ.

ಡೇಟಾಬೇಸ್ ಕೆಲಸ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆ: ತಾರೀಖನ್ನು ತಾರೀಖಾಗಿಯೇ ಇಡಿ, ತಾರೀಖಾಗಿಯೇ ಹೋಲಿಸಿ. ಓದುಗರಿಗೆ ಬೇಕಾದ ರೂಪವನ್ನು ಪರದೆಗೆ ಬರುವ ಕೊನೆಯ ಹಂತದಲ್ಲಿ ಕೊಟ್ಟರೆ ಸಾಕು.