ಒಪ್ಪವೂ ಸಾಣೆಯೂ: ಕಾರಿನ ಬಣ್ಣಕ್ಕೆ ತಿರುಗುಯಂತ್ರದಿಂದ ಹೊಳಪು ತರುವ ವಿಚಾರ

ವಸ್ತುವಿಗೆ ಹೊಳಪನ್ನು ತರುವ ಮಾರ್ಗಗಳು ಎರಡು. ಅದರ ಮೇಲೆ ಹೊಳೆಯುವ ಬೇರೊಂದು ದ್ರವ್ಯವನ್ನು ಬಳಿಯುವುದು ಒಂದು; ಅದರ ಮೈಯನ್ನೇ ಉಜ್ಜಿ ನಯಗೊಳಿಸುವುದು ಮತ್ತೊಂದು. ಮೊದಲನೆಯದು ಲೇಪ, ಎರಡನೆಯದು ಘರ್ಷಣ. ಲೇಪದಿಂದ ವಸ್ತುವು ಹೆಚ್ಚುತ್ತದೆ, ಘರ್ಷಣದಿಂದ ಕುಗ್ಗುತ್ತದೆ. ಕನ್ನಡದ ‘ಸಾಣೆ ಹಿಡಿ’ ಎಂಬ ಮಾತು ಎರಡನೆಯದಕ್ಕೇ ಸಲ್ಲತಕ್ಕದ್ದು. ಸಾಣೆಯು ಸಂಸ್ಕೃತದ ‘ಶಾಣ’ದ ತದ್ಭವವೆಂಬುದು ಓದುಗರಿಗೆ ವಿದಿತವೇ ಆಗಿದೆ. ಆದರೆ ಕಾರುಗಳ ಗ್ಯಾರೇಜುಗಳಲ್ಲಿ ನೆಲೆನಿಂತಿರುವ ‘ಪಾಲಿಶ್’ ಎಂಬ ಮಾತು ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ. ಮೇಣವನ್ನು ಸವರುವುದೂ ಪಾಲಿಶ್, ಯಂತ್ರದಿಂದ ಉಜ್ಜುವುದೂ ಪಾಲಿಶ್. ಇದು ಬರಿಯ ಶಬ್ದಸಾಂಕರ್ಯವಾಗಿದ್ದರೆ ಚಿಂತೆಯಿರಲಿಲ್ಲ. ಮೇಲಿಂದ ಮೇಲೆ ಪಾಲಿಶ್ ಮಾಡಿಸಿದಷ್ಟೂ ಬಣ್ಣವು ಬಾಳುವುದೆಂದು ನಂಬಿದ ಕಾರಿನ ಒಡೆಯನು, ತಾನು ಉಳಿಸಬೇಕೆಂದಿದ್ದುದನ್ನೇ ಹಣ ಕೊಟ್ಟು ತೆಗೆಯಿಸುತ್ತಾನೆ.

ಸಾಣೆಗೆ ತೀಡಿದ ಮಣಿಯು ಸಣ್ಣಗಾದರೂ, ಆ ಸಣ್ಣತನದಿಂದಲೇ ಶೋಭಿಸುವುದೆಂಬ ಅಭಿಪ್ರಾಯವು ಭರ್ತೃಹರಿಯ ನೀತಿಶತಕದಲ್ಲಿದೆ. ಕವಿಗೆ ಅದು ದಾನಿಯ ಬಡತನಕ್ಕೆ ದೃಷ್ಟಾಂತವಾಗಿ ಬಂದಿದ್ದರೂ, ಒಪ್ಪವಿಡುವ ಕೆಲಸದ ತಿರುಳೇ ಅದರಲ್ಲಿ ಅಡಗಿದೆ. ಮಣಿಯಾದರೋ ಒಳಗೆಲ್ಲ ಒಂದೇ ದ್ರವ್ಯ. ಎಷ್ಟು ತೀಡಿದರೂ ಮಣಿಯೇ ಉಳಿಯುವುದು. ಕಾರಿನ ಬಣ್ಣವು ಹಾಗಲ್ಲ. ತಗಡಿನ ಮೇಲೆ ತುಕ್ಕನ್ನು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ವರ್ಣದ ಪದರ, ಎಲ್ಲಕ್ಕೂ ಮೇಲೆ ಗ್ಯಾರೇಜಿನವರು ಕ್ಲಿಯರ್ ಕೋಟ್ ಎನ್ನುವ ಪಾರದರ್ಶಕ ಪದರ: ಇದು ಈಗಿನ ಕಾರುಗಳಲ್ಲಿ ಸಾಮಾನ್ಯವಾದ ಕ್ರಮ. ಇವೆಲ್ಲವೂ ಕೂಡಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪವಿರುವುವು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪಾರದರ್ಶಕ ಪದರವೊಂದೇ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲೆಳೆಯ ದಪ್ಪವೂ ಅನೇಕವೇಳೆ ಇರದು. ಉಜ್ಜತಕ್ಕದ್ದು ಇದರೊಳಗೆ, ಅದೂ ಕೆಲವೇ ಮೈಕ್ರಾನ್‌ಗಳ ಮಟ್ಟಿಗೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ದ್ರವ್ಯಗಳು ಈ ಪದರದಲ್ಲಿಯೇ ಇರುವುದರಿಂದ, ಇದು ತೆಳುವಾದರೆ ಹೊಳಪು ಇದ್ದಂತೆ ಕಂಡರೂ ಕೆಲವು ವರ್ಷಗಳಲ್ಲಿ ಬಣ್ಣವು ಬಿಳಿಚಿ ಹೊಪ್ಪಳೆ ಏಳುವುದು.

ಹಾಗಾದರೆ ಉಜ್ಜುವುದೇ ತಪ್ಪಲ್ಲವೆ ಎಂದರೆ, ಅಲ್ಲ. ಧೂಳು ಕೂಡಿದ ಬಟ್ಟೆಯಿಂದ ಒರಸಿದ ಕಾರಿನ ಮೈಮೇಲೆ ಅಸಂಖ್ಯ ಸೂಕ್ಷ್ಮರೇಖೆಗಳು ಬೀಳುತ್ತವೆ. ಸಮವಾದ ಮೈಯಿಂದ ಬೆಳಕು ಒಂದೇ ದಿಕ್ಕಿಗೆ ಮರಳಿದರೆ, ಈ ರೇಖೆಗಳ ಅಂಚುಗಳಿಂದ ಹಲವು ದಿಕ್ಕಿಗೆ ಚೆದರುತ್ತದೆ. ಮಬ್ಬು ಕಾಣುವುದು ಇದರಿಂದಲೇ. ರೇಖೆಯ ಅಂಚನ್ನೂ ಸುತ್ತಲಿನ ಮೈಯನ್ನೂ ಅದರ ತಳಕ್ಕೆ ಸಮೀಪಿಸುವಂತೆ ತಗ್ಗಿಸಿದರೆ ಮಬ್ಬು ಹೋಗುತ್ತದೆ. ಇದಕ್ಕೆ ಬಳಸುವ ಕಾಂಪೌಂಡ್ ಎಂಬ ಲೇಹ್ಯದಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡಿನ ನುಣ್ಣನೆಯ ಕಣಗಳಿರುವುವು. ಅದರ ಖನಿಜರೂಪವು ಸಂಸ್ಕೃತದ ಕುರುವಿಂದವೇ. ಯಂತ್ರವು ಹೊಸದಾದರೂ ಸಾಣೆಯ ದ್ರವ್ಯವು ಹಳೆಯದು!

ಇನ್ನು ಯಂತ್ರದ ವಿಚಾರ. ತಿರುಗುಯಂತ್ರದಲ್ಲಿ ಉಣ್ಣೆಯ ಅಥವಾ ಫೋಮಿನ ಮೆತ್ತೆಯೊಂದು ಸ್ಥಿರವಾದ ಅಚ್ಚಿನ ಮೇಲೆ ತಿರುಗುತ್ತದೆ. ಅದರ ನಡುವಿನಲ್ಲಿ ವೇಗವು ಶೂನ್ಯ. ಅಂಚಿಗೆ ಹೋದಂತೆಲ್ಲ ವೇಗವು ಹೆಚ್ಚುವುದು. 180 ಮಿಲಿಮೀಟರ್ ವ್ಯಾಸದ ಮೆತ್ತೆಯು ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಅದರ ಅಂಚು ಸೆಕೆಂಡಿಗೆ 14 ಮೀಟರ್, ಎಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಬಣ್ಣವನ್ನು ತೀಡುತ್ತದೆ. ಸುತ್ತುಗಳನ್ನು ಇಮ್ಮಡಿಸಿದರೆ ಈ ವೇಗವೂ, ಒತ್ತಡವು ಹಾಗೆಯೇ ಇದ್ದರೆ ಘರ್ಷಣೆಯಿಂದ ಹುಟ್ಟುವ ಶಾಖವೂ ಇಮ್ಮಡಿಸುವುವು. ಅಚ್ಚು ತಿರುಗುವುದರ ಜೊತೆಗೆ ಅತ್ತಿತ್ತ ಓಲಾಡುವ ಬೇರೊಂದು ಬಗೆಯ ಯಂತ್ರವುಂಟು. ಅದರಲ್ಲಿ ಅನೇಕವು ಒತ್ತಿದರೆ ತಿರುಗುವುದನ್ನು ನಿಲ್ಲಿಸಿಬಿಡುತ್ತವೆ. ಕಲಿಯುವವನಿಗೆ ಅದೇ ಲೇಸು. ತಿರುಗುಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಒತ್ತಿದಷ್ಟೂ ತಿರುಗುವುದು, ತಿರುಗಿದಷ್ಟೂ ಕಾಯುವುದು. ಕಾದ ಪದರವು ಮೆದುವಾಗಿ ಹರಿಯುವುದು, ಸುಕ್ಕುವುದು, ಕಡೆಗೆ ಕಿತ್ತು ಕೆಳಗಿನ ವರ್ಣವೇ ಕಾಣುವುದು. ಇದನ್ನು ಬಣ್ಣ ಸುಡುವುದು ಎನ್ನುವರು. ಸುಟ್ಟ ಬಣ್ಣಕ್ಕೆ ಮತ್ತೆ ಬಳಿಯುವುದೊಂದೇ ಚಿಕಿತ್ಸೆ.

ಆದುದರಿಂದ ಒಂದೆಡೆ ನಿಲ್ಲಬಾರದೆಂಬುದೇ ಈ ಕೆಲಸದ ಮೊದಲ ಸೂತ್ರ. ಲೇಹ್ಯವನ್ನು ಮೈಮೇಲೆ ಹರಡುವಾಗ 600 ಸುತ್ತು ಸಾಕು; ಉಜ್ಜುವಾಗ 1000ರಿಂದ 1500; ಕಲಿಯುವವನು ಇದನ್ನು ಮೀರತಕ್ಕದ್ದಲ್ಲ. ಯಂತ್ರದಲ್ಲಿ 3000ದವರೆಗೆ ಅಂಕೆ ಬರೆದಿದೆಯೆಂಬುದು ಅದನ್ನು ಮುಟ್ಟಲು ಕಾರಣವಲ್ಲ. ಕಬ್ಬಿಣ ಕೊಯ್ಯುವ ಗ್ರೈಂಡರಿಗೆ ಮೆತ್ತೆಯನ್ನು ಸಿಕ್ಕಿಸಿ ಉಜ್ಜುವುದಂತೂ ಕೇವಲ ಸಾಹಸ. ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೇಲ್ಪಟ್ಟು ತಿರುಗುವುದು. ಎರಡು ಅಡಿ ಚೌಕದಷ್ಟು ಜಾಗವನ್ನು ಆಯ್ದು, ಮೆತ್ತೆಯನ್ನು ಮೈಗೆ ಸಮನಾಗಿರಿಸಿ, ಸಾಲಿನ ಮೇಲೆ ಸಾಲು ಅರ್ಧದಷ್ಟು ಬೀಳುವಂತೆ ಯಂತ್ರವನ್ನು ನಡೆಸಬೇಕು. ಯಂತ್ರದ ಭಾರವೇ ಬಹುಮಟ್ಟಿಗೆ ಒತ್ತಡಕ್ಕೆ ಸಾಲುವುದು. ನಡುನಡುವೆ ನಿಲ್ಲಿಸಿ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡತಕ್ಕದ್ದು. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆ ಜಾಗವನ್ನು ಬಿಡಬೇಕು.

ಕಾರಿನ ಮೈಯೆಲ್ಲ ಒಂದೇ ಬಗೆಯಲ್ಲ. ಬಾಗಿಲಿನ ಅಂಚು, ಬಾನೆಟ್ಟಿನ ಏಣು, ಮೈಯಲ್ಲಿ ಎದ್ದ ಗೆರೆಗಳು, ಇಲ್ಲಿ ಬಣ್ಣವು ಸಹಜವಾಗಿಯೇ ತೆಳು. ಮೆತ್ತೆಯ ಭಾರವೆಲ್ಲ ಆ ಕಿರಿದಾದ ಗೆರೆಯ ಮೇಲೆಯೇ ಬೀಳುವುದು. ಹೀಗೆ ಎರಡು ದೋಷಗಳು ಒಂದೆಡೆ ಕೂಡುವುದರಿಂದ ಬಣ್ಣ ಸುಡುವುದು ಹೆಚ್ಚಾಗಿ ಇಲ್ಲಿಯೇ. ಇವುಗಳಿಗೆ ಮೊದಲೇ ಅಂಟುಪಟ್ಟಿಯನ್ನು ಹಚ್ಚಿ ಮರೆಮಾಡುವುದು ಬುದ್ಧಿವಂತರ ರೀತಿ. ಅಂಚಿನ ಸಮೀಪಕ್ಕೆ ಹೋಗಲೇಬೇಕಾದಾಗ, ತಿರುಗುವ ಮೆತ್ತೆಯು ಅಂಚಿನಿಂದ ಹೊರಕ್ಕೆ ಜಾರುವಂತಿರಬೇಕು; ಅಂಚಿಗೆ ಎದುರಾಗಿ ನುಗ್ಗಿದರೆ ಬಣ್ಣವನ್ನು ಕೀಳುವುದಲ್ಲದೆ ಯಂತ್ರವು ಕೈಯಿಂದ ಹಾರುವುದೂ ಉಂಟು. ಬಂಪರುಗಳು ಪ್ಲಾಸ್ಟಿಕ್ಕಿನವು. ತಗಡು ಶಾಖವನ್ನು ಸುತ್ತಲೂ ಹರಡಿಬಿಡುತ್ತದೆ. ಪ್ಲಾಸ್ಟಿಕ್ಕಿಗೆ ಆ ಶಕ್ತಿ ಕಡಮೆ, ಶಾಖವು ಅಲ್ಲಿಯೇ ನಿಲ್ಲುವುದು. ತಗಡಿನ ಮೇಲೆ ನಿರ್ಬಾಧಕವಾದ ವೇಗವು ಬಂಪರನ್ನು ಕೆಡಿಸಬಹುದು.

ತೊಳೆಯದ ಕಾರನ್ನು ಉಜ್ಜುವುದು ಮರಳಿನಿಂದ ತಿಕ್ಕಿದಂತೆ. ಬಿಸಿಲಿನಲ್ಲಿ ಕಾದ ಕಾರನ್ನೂ ಮುಟ್ಟಬಾರದು. ಕಾಣದ ಒಂದು ಮೂಲೆಯಲ್ಲಿ, ಎಲ್ಲಕ್ಕಿಂತ ಮೃದುವಾದ ಮೆತ್ತೆ ಮತ್ತು ನುಣ್ಣನೆಯ ಲೇಹ್ಯದಿಂದ ಮೊದಲು ಪರೀಕ್ಷಿಸಿ, ಸಾಲದಿದ್ದರೆ ಮಾತ್ರ ಒರಟಾದುದಕ್ಕೆ ಹೋಗಬೇಕು. ಮೆತ್ತೆಗೆ ಕಾರಿನ ಬಣ್ಣವೇ ಹತ್ತಿದರೆ ಎರಡರಲ್ಲೊಂದು: ಆ ಕಾರಿಗೆ ಪಾರದರ್ಶಕ ಪದರವೇ ಇಲ್ಲ, ಇಲ್ಲವೆ ಅದು ಆಗಲೇ ಸವೆದುಹೋಗಿದೆ. ಯಾವುದೆಂದು ತಿಳಿಯುವವರೆಗೆ ಕೈ ತಡೆಯಬೇಕು. ಉಜ್ಜುವವನ ಮೈಮೇಲೆ ಜೋತಾಡುವ ಉತ್ತರೀಯ, ಸರ, ಸಡಿಲವಾದ ತೋಳುಗಳು ಇರಕೂಡದು. ಕಣ್ಣಿಗೆ ಕನ್ನಡಕ ಬೇಕು. ವಿದ್ಯುತ್ತಿನ ತಂತಿಯು ಹೆಗಲ ಮೇಲಿನಿಂದ ಬೆನ್ನಿಗೆ ಬೀಳಬೇಕು. ಮೆತ್ತೆಯನ್ನು ಬದಲಾಯಿಸುವಾಗ ತಂತಿಯನ್ನು ಗೋಡೆಯಿಂದಲೇ ಕಿತ್ತಿರಬೇಕು.

ತಿರುಗುವ ಯಂತ್ರದಿಂದ ತೇಜಸ್ಸನ್ನು ತಗ್ಗಿಸಿದ ಕಥೆಯೊಂದು ಪುರಾಣಗಳಲ್ಲಿ ಪ್ರಸಿದ್ಧವಾಗಿದೆ. ಗಂಡನಾದ ಸೂರ್ಯನ ಉರಿಯನ್ನು ಸಂಜ್ಞೆಯು ತಾಳಲಾರದೆ ಹೋದಾಗ, ಆಕೆಯ ತಂದೆ ವಿಶ್ವಕರ್ಮನು ಅಳಿಯನನ್ನು ಕಡೆಯುವ ಚಕ್ರಕ್ಕೇರಿಸಿ ತೀಡಿದನು. ಉದುರಿದ ಚೂರುಗಳಿಂದ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದವು. ಗ್ಯಾರೇಜಿನ ವಿಶ್ವಕರ್ಮನ ಮೆತ್ತೆಗೆ ಹತ್ತಿದ ಚೂರಿನಿಂದ ಆಗುವುದೇನೂ ಇಲ್ಲ. ಅದು ನೀರಿನಲ್ಲಿ ತೊಳೆದುಹೋಗುವುದು.

ತೆಗೆದುದೆಷ್ಟು, ಉಳಿದುದೆಷ್ಟು ಎಂದು ತಿಳಿಯಲು ದಪ್ಪವನ್ನಳೆಯುವ ಚಿಕ್ಕ ಉಪಕರಣವುಂಟು. ಸಾಮಾನ್ಯವಾದುದು ಲೋಹದ ಮೇಲೆ ಮಾತ್ರ ನಡೆಯುವುದು; ಎಲ್ಲ ಪದರಗಳ ಒಟ್ಟು ದಪ್ಪವನ್ನು ಹೇಳುವುದೇ ಹೊರತು ಪಾರದರ್ಶಕ ಪದರದ್ದೊಂದನ್ನೇ ಬೇರೆಯಾಗಿ ಹೇಳದು. ಆದರೂ ಉಜ್ಜುವ ಮೊದಲಿನ ಅಂಕೆಯಿಂದ ಅನಂತರದ ಅಂಕೆಯನ್ನು ಕಳೆದರೆ ವ್ಯಯವು ತಿಳಿಯುವುದು. ಅದನ್ನು ಬರೆದಿಟ್ಟುಕೊಳ್ಳುವ ಕೆಲಸಗಾರನು, ಮುಂದಿನ ಬಾರಿ ‘ಪಾಲಿಶ್’ ಎಂದು ಬಂದ ಒಡೆಯನಿಗೆ ಸಾಣೆ ಬೇಕೋ ಲೇಪ ಸಾಕೋ ಎಂಬುದನ್ನು ಹೇಳಬಲ್ಲನು. ಉಗುರನ್ನು ಅಡ್ಡಲಾಗಿ ಎಳೆದಾಗ ತಡೆಯುವಷ್ಟು ಆಳವಾದ ಗೀರಿದ್ದರೆ, ಅದರ ತಳವನ್ನು ಮುಟ್ಟುವಷ್ಟರಲ್ಲಿ ಪದರವೇ ಮುಗಿದೀತು. ಅಂತಹುದರ ಅಂಚನ್ನು ಮಾತ್ರ ನಯಗೊಳಿಸಿ, ಗೀರನ್ನು ಗೀರಾಗಿಯೇ ಬಿಡುವರು.