ಉಪಗ್ರಹಕ್ಕೆ ಕಣ್ಣಿಲ್ಲ, ಪೆಟ್ಟಿಗೆಗೆ ಬಾಯಿದೆ

ನೌಪಾಡಾದಿಂದ ಮುಂಬಯಿಗೆ ಕಾರಿನಲ್ಲಿ ಹೋಗುವ ನಮ್ಮವರು ೨೦೨೪ರ ಅಕ್ಟೋಬರ್ ೧೪ರ ನಡುರಾತ್ರಿಯಿಂದೀಚೆಗೆ ಮುಲುಂಡ್ ನಾಕೆಯಲ್ಲಿ ಸುಂಕ ಕೊಡಬೇಕಾಗಿಲ್ಲ. ಆದರೆ ರಜೆಯಲ್ಲಿ ಪುಣೆ, ಕೊಲ್ಲಾಪುರ, ಬೆಳಗಾವಿಯ ದಾರಿ ಹಿಡಿದು ಊರಿಗೆ ಹೊರಟರೆ, ಫಾಸ್ಟ್ಯಾಗ್‌ನಿಂದ ಹಣ ಕಳೆದ ಸುದ್ದಿ ನಾಕೆ ನಾಕೆಗೂ ಮೊಬೈಲಿಗೆ ಬರುತ್ತದೆ. ಗಾಡಿ ಯಾವ ಹೊತ್ತಿಗೆ ಎಲ್ಲಿ ದಾಟಿತೆಂಬುದು ಎಲ್ಲೋ ದಾಖಲಾದಂತಾಯಿತು. ಇನ್ನು ಕಾರಿನೊಳಗೇ ಉಪಗ್ರಹದ ಪೆಟ್ಟಿಗೆ ಕುಳಿತರೆ ಗತಿಯೇನೆಂದು ಹಿರಿಯರು ಕೇಳುವುದುಂಟು. ಈ ಶಂಕೆ ನಿರಾಧಾರವಲ್ಲ. ಆದರೆ ಶಂಕಿಸಬೇಕಾದದ್ದು ಯಾರನ್ನು ಎಂಬುದನ್ನು ಮೊದಲು ತಿಳಿಯಬೇಕು.

ಉಪಗ್ರಹ ನಮ್ಮ ಕಾರನ್ನು ನೋಡುವುದೇ ಇಲ್ಲ. ಅದು ಸಮಯವನ್ನೂ ತನ್ನ ಸ್ಥಾನವನ್ನೂ ರೇಡಿಯೋ ಅಲೆಗಳಲ್ಲಿ ಸಾರುತ್ತಿರುತ್ತದೆ, ಅಷ್ಟೆ. ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಕೇಳಿ, ಅವು ಬಂದು ಮುಟ್ಟಲು ಹಿಡಿದ ಕಾಲವನ್ನು ಲೆಕ್ಕಹಾಕಿ, ತಾನೆಲ್ಲಿದ್ದೇನೆಂಬುದನ್ನು ಕಾರಿನ ಯಂತ್ರವೇ ಕಂಡುಕೊಳ್ಳುತ್ತದೆ. ಅಮೆರಿಕದ ಜಿಪಿಎಸ್ ಆಗಲಿ, ನಮ್ಮ ಇಸ್ರೋದ ನಾವಿಕ್ ಆಗಲಿ, ಕ್ರಮ ಒಂದೇ. ನಾವಿಕ್‌ನ ಕೇಂದ್ರ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿದೆ. ನಿಮ್ಮ ಕಾರು ಘಂಟಾಳಿ ದೇವಸ್ಥಾನದ ಬಳಿ ನಿಂತಿದೆಯೆಂಬುದು ಉಪಗ್ರಹದ ಮೂಲಕ ಅಲ್ಲಿಗೆ ಮುಟ್ಟುವುದಿಲ್ಲ.

ಗುಟ್ಟು ಹೊರಬೀಳುವುದು ಪೆಟ್ಟಿಗೆಯೊಳಗಿನ ಸಿಮ್‌ನಿಂದ. ಮೊಬೈಲಿನಂತೆಯೇ ಅದು ತನ್ನ ನೆಲೆಯನ್ನು ದೂರದ ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ಆದುದರಿಂದ ಶಂಕೆ ಆಕಾಶದ ಮೇಲಲ್ಲ, ಆ ಲೆಕ್ಕದ ಪುಸ್ತಕ ಇಟ್ಟುಕೊಂಡವರ ಮೇಲಿರಬೇಕು.

ಇದರಿಂದ ಉಪಕಾರವಿಲ್ಲವೆಂದಲ್ಲ. ೨೦೧೨ರ ದಿಲ್ಲಿಯ ಘೋರ ಪ್ರಕರಣದ ಬಳಿಕ ಹೆಂಗಸರ ರಕ್ಷಣೆಯ ವಿಚಾರ ಮುಂದೆ ಬಂದು, ೨೦೧೯ರ ಜನವರಿ ೧ರಿಂದ ಹೊಸ ಬಸ್ಸು, ಟ್ಯಾಕ್ಸಿಗಳಿಗೆ ಈ ಪೆಟ್ಟಿಗೆಯನ್ನೂ ಅಪಾಯದ ಗುಂಡಿಯನ್ನೂ ಕಡ್ಡಾಯ ಮಾಡಲಾಯಿತು. ಆಟೋರಿಕ್ಷಾಗಳಿಗೆ ವಿನಾಯಿತಿ ಸಿಕ್ಕಿತು. ಸ್ವಂತ ಕಾರುಗಳಿಗೆ ಆ ನಿಯಮ ಅನ್ವಯಿಸಲಿಲ್ಲ. ಆದರೂ ಹೊಸ ಕಾರುಗಳಲ್ಲಿ ಎಷ್ಟೋ ಸಿಮ್ ಸಮೇತವೇ ಮನೆಗೆ ಬರುತ್ತವೆ.

ಸುಂಕವನ್ನೂ ಉಪಗ್ರಹದ ನೆರವಿನಿಂದಲೇ ವಸೂಲು ಮಾಡಲು ೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರವು ನಿಯಮ ತಿದ್ದಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಪ್ರಯೋಗವೂ ನಡೆದಿತ್ತು. ೨೦೨೫ರ ಮೇ ೧ರಿಂದ ಅದು ದೇಶಕ್ಕೆಲ್ಲ ಬರುವುದೆಂಬ ವದಂತಿ ಹಬ್ಬಿದಾಗ, ಅಂಥ ನಿರ್ಧಾರವಾಗಿಲ್ಲವೆಂದು ಸರ್ಕಾರವೇ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು.

"ತಪ್ಪು ಮಾಡದವರಿಗೆ ಭಯವೇಕೆ? ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವುದೇಕೆ?" ಎನ್ನುವವರಿದ್ದಾರೆ. ಕಳ್ಳನಲ್ಲದವನೂ ರಾತ್ರಿ ಬಾಗಿಲು ಹಾಕಿಕೊಳ್ಳುತ್ತಾನಷ್ಟೆ! ವೈದ್ಯರ ಬಳಿ, ವಕೀಲರ ಬಳಿ, ಮಗಳಿಗೆ ವರ ನೋಡಲು ಹೋದದ್ದು ಊರಿಗೆಲ್ಲ ಏಕೆ ತಿಳಿಯಬೇಕು? ಈ ಮಾತಿಗೆ ಕಾನೂನಿನ ಬಲ ತಂದುಕೊಟ್ಟವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಸರ್ಕಾರ ಅದನ್ನು ಮೊಟಕುಗೊಳಿಸಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು.

ಇದೇ ಅಳತೆಗೋಲನ್ನು ನಾವು ಮನೆಯಲ್ಲಿಯೂ ಬಳಸಬಹುದು. ಕಾರು ಕೊಳ್ಳುವಾಗ ಬಣ್ಣ, ಮೈಲೇಜು ಕೇಳುವಂತೆ, ನೆಲೆಯ ಮಾಹಿತಿ ಯಾರಿಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ, ನಿಲ್ಲಿಸಬಹುದೇ ಎಂದು ಕೇಳಿರಿ. ಹಳೆಯ ಕಾರು ಕೊಂಡರೆ, ಹಿಂದಿನ ಮಾಲೀಕರ ಮೊಬೈಲಿನಿಂದ ಅದರ ಸಂಬಂಧ ಕಡಿದಿದೆಯೇ ನೋಡಿರಿ. ಮಾರುವಾಗ ನಿಮ್ಮದನ್ನೂ ಕಡಿಯಿರಿ. ಮಗನ ಕಾರಿಗೆ ಪೆಟ್ಟಿಗೆ ಹಾಕಿಸುವ ತಂದೆ ಮಗನಿಗೆ ತಿಳಿಸಿಯೇ ಹಾಕಿಸಲಿ. ತಿಳಿಸಿ ಇಟ್ಟರೆ ಅದು ಕಾವಲು. ತಿಳಿಸದೆ ಇಟ್ಟರೆ ಬೇಹುಗಾರಿಕೆ.